ಮೂರಿಂಚಿನ ಪೈಪು

ಕಕ್ಕಡದ ನಾಲ್ಕನೇ ದಿನ ದಂಬೆ ತುಂಬಿ
ನೀರು ಅಡುಗೆಮನೆ ಗೋಡೆ ಹಿಡಿದು ಇಳಿಯಿತು,
ಕ್ಯಾಲೆಂಡರಿನ ಹಿಂದೆ.

ಪೊನ್ನಂಪೇಟೆಯಲ್ಲಿ ನನಗೆ ಗೊತ್ತಿರುವ ಪ್ಲಂಬರ್ ಮೊಯ್ದು ಒಬ್ಬನೇ.
ಅವನು ನಾಳೆ ಅಂದರೆ ಸೆಪ್ಟೆಂಬರು.
ನಾನೇ ಏಣಿ ಹಾಕಿದೆ. ರೇನ್‌ಕೋಟಿನ ತೋಳೊಳಗೆ
ಮೊಣಕೈವರೆಗೂ ಮಳೆ.

ಮೊದಲು ಸಿಲ್ವರ್ ಓಕ್ ಎಲೆ, ಹಿಡಿ ಹಿಡಿ,
ಕೊಳೆತು ಹೊಗೆಸೊಪ್ಪಿನ ಹಾಗೆ.
ಆಮೇಲೆ ಬಿದಿರುಕೋಲು ಇಳಿಸಿದೆ. ತಳದಲ್ಲಿ
ಟಕ್ ಅಂತು.
ಎಲೆ ಟಕ್ ಅನ್ನುವುದಿಲ್ಲ.

ಕೆಳಗಿಳಿದು ಎಲ್ಬೋ ತಿರುಚಿದೆ. ತಿರುಚಿದೆ.
ಒಮ್ಮೆಲೇ ಸಡಿಲಾಗಿ, ನೈಟಿಗೆಲ್ಲ ಕಪ್ಪು ನೀರು ಉಗುಳಿ,
ಕಾಲ ಬಳಿ ಬಂದು ಬಿತ್ತು
ಹಾವಸೆ ಹಿಡಿದ ಹಾಕಿ ಚೆಂಡು.

ಏಪ್ರಿಲಿನಲ್ಲಿ ಮಾಚು ಮೂರು ಸಲ ಗೇಟಿಗೆ ಬಂದಿದ್ದ.
‘ಆಂಟಿ, ಮಾಡು ಹತ್ತಿ ನೋಡಲಾ?’
ಹೆಂಚು ಒಡೆದೀತು ಅಂತ
‘ಇಲ್ಲಿಗೆ ಬಂದೇ ಇಲ್ಲ’ ಅಂದಿದ್ದೆ,
ಮಾಡಿನ ಮೇಲೆ ಉರುಳಿದ ಸದ್ದು
ಕೊನೆಯವರೆಗೂ ಕೇಳಿಸಿಕೊಂಡು.

ಈಗ ಪೈಪು ಗಳಗಳ.
ಚೆಂಡನ್ನು ಸೋಪು ಹಾಕಿ ತಿಕ್ಕಿ, ಕೊಡೆ ಬಿಚ್ಚಿ ಹೊರಟೆ.
ಆರು ಮನೆ ದಾಟುವಷ್ಟರಲ್ಲಿ
ನಾಲ್ಕು ಥರ ಮಾತು ಜೋಡಿಸಿದೆ.

ಬಾಗಿಲು ತೆಗೆದ ಅವನಮ್ಮ
‘ಅಯ್ಯೋ, ಎಷ್ಟು ನೆನೆದಿದ್ದೀರಿ!
ಬನ್ನಿ, ಒಳಗೆ ಬನ್ನಿ’ ಅಂದರು.