ಗೊರಸು

ರಾಬರ್ಟ್‌ಸನ್‌ಪೇಟೆಯ ರದ್ದಿ ಅಂಗಡಿಯಲ್ಲಿ
ಅಪ್ಪ ಅದನ್ನು ತೂಕಕ್ಕೆ ಕೊಂಡದ್ದು.
ಮುಕ್ಕಾಲು ಕಿಲೋ. ರಟ್ಟಿನ ಬೆನ್ನು ಬಿಟ್ಟಿತ್ತು.
ಒಳಗೆ ಮಾಸಿದ ನೀಲಿ ಶಾಯಿ:
ಡಾಫ್ನಿಗೆ, ಅಜ್ಜಿಯಿಂದ, ಕ್ರಿಸ್‌ಮಸ್ ಐವತ್ತೊಂದು.
ಲ್ಯಾಂಪ್ ರೂಮಿನ ಗುಮಾಸ್ತ ಅಪ್ಪ
ಅಷ್ಟನ್ನು ಓದಿ ಹೇಳಿ
ಮಿಕ್ಕದ್ದು ನಿನಗೆ ಬಿಟ್ಟೆ ಅಂದ.

ಮಿಕ್ಕದ್ದೆಂದರೆ ಕುದುರೆಗಳು.
ಅಕ್ಷರಗಳು ನನಗೆ ಬರೀ ಇರುವೆ ಸಾಲು.
ಸಾಲು ದಾಟಿದರೆ ಒಂದು ಕುಳ್ಳ ಕುದುರೆ,
ಹಣೆತುಂಬ ಕೂದಲು ಬಿಟ್ಟುಕೊಂಡು
ನಮ್ಮ ಕ್ಲಾಸಿನ ಕದಿರಮ್ಮನ ಹಾಗೆ
ಯಾವ ಬಾಚಣಿಗೆಗೂ ಬಗ್ಗದ್ದು.

ನಲವತ್ತೆರಡನೇ ಪುಟದಲ್ಲಿ ಅದು ಬೇಲಿ ಹಾರುತ್ತದೆ.
ಮೇಲಿನ ಹುಡುಗಿಗೆ ಕರಿ ಮಕಮಲ್ಲಿನ ಟೋಪಿ.
ಕಾಪಿಯಿಂಗ್ ಪೆನ್ಸಿಲ್ಲನ್ನು ನಾಲಿಗೆಗೆ ತಾಕಿಸಿ
ಆ ಟೋಪಿಯ ಕೆಳಗಿಂದ ಎರಡು ಜಡೆ ಇಳಿಬಿಟ್ಟೆ,
ತುದಿಗೆ ಟೇಪು.
ಎರಡು ದಿನ ನಾಲಿಗೆ ನೇರಳೆ.

ಚಿತ್ರ ಬರೆದವರ ಹೆಸರಿಲ್ಲ.
ಮೂಲೆಯ ಹುಲ್ಲಿನ ಎಸಳುಗಳ ನಡುವೆ
ಹುಲ್ಲೇ ಅನ್ನಿಸುವ ಹಾಗೆ ಎರಡಕ್ಷರ.

ನಾನು ಬರೆದ ಕುದುರೆಗಳೆಲ್ಲ
ಮಂಡಿಯವರೆಗೆ ಹುಲ್ಲಲ್ಲಿ ನಿಂತವು.
ಗೊರಸು ಕೈಗೆ ಬರುತ್ತಿರಲಿಲ್ಲ.
ಸ್ಲೇಟಿನಲ್ಲಿ, ಕ್ಯಾಲೆಂಡರಿನ ಬೆನ್ನಲ್ಲಿ,
ಸೈನೈಡ್ ದಿಬ್ಬದ ಬೂದಿಮಣ್ಣಲ್ಲಿ ಕಡ್ಡಿ ಹಿಡಿದು.
ಒಂದು ಗರಿಕೆಯೂ ಹುಟ್ಟದ ಆ ದಿಬ್ಬದಲ್ಲೂ
ನನ್ನ ಕುದುರೆಗೆ ಮೊಣಕಾಲುದ್ದ ಹುಲ್ಲು.

ರಾತ್ರಿ ನೆಲದಾಳದಲ್ಲಿ ಬಂಡೆ ಸಿಡಿದರೆ
ಗೂಡಿನ ಲೋಟಗಳು ಕಿಣಿಗುಟ್ಟುತ್ತಿದ್ದವು.
ಯಾರ ಯಾರ ಪಾಳಿ ಎಂದು
ಅಮ್ಮ ಬೆರಳು ಮಡಚುತ್ತಿದ್ದಳು.
ನನಗೆ ಮಾತ್ರ, ಹೇಳಲು ನಾಚಿಕೆ,
ನಲವತ್ತೆರಡನೇ ಪುಟದ್ದು
ಈಗ ಬೇಲಿಯಾಚೆ ಇಳಿಯಿತು ಅನ್ನಿಸುತ್ತಿತ್ತು.

ಉರಿಗಾಂ ಸ್ಟೇಷನ್ನಿನ ಹೊರಗೆ ದಸ್ತಗೀರ್ ಸಾಬರ ಜಟಕಾ.
ಮಿಸ್ರಿ ಎಂಬ ಹೆಣ್ಣು ಕುದುರೆ, ಬಿಳುಪೆಂದರೆ ಬಿಳುಪಲ್ಲ,
ಕಣ್ಣಿಗೆ ತೊಗಲಿನ ಪಟ್ಟಿ, ಮೂತಿಗೆ ಹುರುಳಿ ಚೀಲ.
ಸಾಬರು ಲುಂಗಿಗೆ ಕೈ ಒರೆಸಿ ಪುಸ್ತಕ ಇಸಿದುಕೊಂಡರು,
ದೂರ ಹಿಡಿದರು, ಹತ್ತಿರ ಹಿಡಿದರು.

'ಇದು ಬರೆದೋರು ಕುದುರೆ ನೋಡಿದೋರಲ್ಲ ಬೇಟಿ,
ಮಾಲೀಶ್ ಮಾಡಿದೋರು.
ಹೊಟ್ಟೆಪಟ್ಟಿ ಕೆಳಗೆ ನೋಡು,
ಬೆವರು ಎಂಗೆ ಒಣಗೈತೆ.'

ಕೊನೆಯ ಚಿತ್ರಕ್ಕೆ ಬಂದಾಗ ಲೊಚಗುಟ್ಟಿದರು.
ಹುಡುಗಿಯ ಕೈಯಲ್ಲಿ ಬೆಳ್ಳಿ ಕಪ್ಪು, ಸುತ್ತ ಚಪ್ಪಾಳೆ,
ಕತ್ತರಿಸಿದ ನುಣುಪು ಲಾನಿನ ಮೇಲೆ ನಾಲ್ಕೂ ಗೊರಸು.
'ಎಡಗಡೆ ಹಿಂಗಾಲು ನೋವು ಇದಕ್ಕೆ.
ಭಾರ ಬಿಡ್ತಾ ಇಲ್ಲ ನೋಡು.
ಲಾಳದ ಮೊಳೆ ಕಚ್ಚಿರಬೇಕು.
ಅಷ್ಟು ಜನ ನಿಂತವ್ರೆ, ಯಾರಿಗೂ ಕಾಣ್ಲಿಲ್ವಾ?'

ಎಷ್ಟೋ ವರ್ಷದ ಮೇಲೆ, ಟೀಸಿಎಚ್ ಮುಗಿಸಿ,
ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಆ ಕಥೆ ಓದಿದೆ.
ಕಾಲು ನೋವಿನ ಮಾತೇ ಇಲ್ಲ.
ಕ್ಯಾರೆಟ್ಟು ಇದೆ, ಮುತ್ತು ಇದೆ, ಎಲ್ಲರೂ ನಗುತ್ತಾರೆ.
ಕಥೆಗಾರ್ತಿ ಹೇಳದ್ದನ್ನು
ಯಾವ ಚಳಿಯ ಬೆಳಗ್ಗೆ, ಯಾರ ಲಾಯದಲ್ಲಿ
ಕಂಡಿರಬಹುದು ಆ ಎರಡಕ್ಷರದವಳು?
ಅವಳು ಅಂದುಬಿಟ್ಟೆ. ಗೊತ್ತಿಲ್ಲ ನನಗೆ.

ಅವತ್ತು ಸಾಬರು ಪುಸ್ತಕ ವಾಪಸು ಕೊಡುತ್ತ,
'ನಮ್ ಮಿಸ್ರೀನೂ ಬರಿ. ಪಟ್ಟಿ ಹಾಕಬೇಡ,
ಕಾಗದದಾಗಾದ್ರೂ ಬಿಡು' ಅಂದರು.
ಮಡಚಿದ ಡ್ರಾಯಿಂಗ್ ಹಾಳೆ ಬಿಚ್ಚಿ
ಕಲ್ಲುಬೆಂಚಿನ ಮೇಲೆ ಕೂತೆ.
ಎಣಿಸಿ ಪಕ್ಕೆಲುಬು ಬರೆದೆ, ಹರಿದ ಕಿವಿ ಬರೆದೆ,
ಸವೆದ ಲಾಳ, ಸೀಳಿದ ಗೊರಸು,
ನಾಲ್ಕಕ್ಕೆ ನಾಲ್ಕು, ಬರೀ ಟಾರು ರಸ್ತೆಯ ಮೇಲೆ.
ಕಣ್ಣಿಗೆ ಬಂದಾಗ ಕೈ ನಿಂತಿತು.
ದಿನಾ ಈ ಜಟಕಾದಲ್ಲಿ ಕೂತವಳು
ಇವಳ ಕಣ್ಣು ನೋಡಿರಲಿಲ್ಲ.

ಬಿಟ್ಟ ಬಿಳಿಯನ್ನು ಸಾಬರು ನೋಡಿದರು.
ಏನೂ ಅನ್ನದೆ ಒಂದು ಕಡೆಯ ಬಕಲು ಸಡಿಲಿಸಿ
ಬಾ ಎಂದು ಕರೆದರು.

ಹೂ ಬಿದ್ದ ಕಣ್ಣು.

ಪೆನ್ಸಿಲ್ ಮತ್ತೆ ಅಲ್ಲಿಗೆ ತಾಕಿಸಲಿಲ್ಲ.
ರೈಲಿನ ಶಿಳ್ಳೆ ಕೇಳಿ ಸಾಬರು ಪಟ್ಟಿ ಬಿಗಿದರು.
ಕೆಳಗೆ ನನ್ನ ಎರಡಕ್ಷರ ಬರೆಯೋಣವೆಂದು
ಜಾಗ ಹುಡುಕಿದೆ.
ಹುಲ್ಲಿರಲಿಲ್ಲ.