ಗಂಟೆ ಬಾರಿಸದ ಹನ್ನೊಂದು ದಿನ

ಗೆದ್ದಲು ತಿಂದು ಬಿಟ್ಟದ್ದನ್ನು
ನಾನೀಗ ಕಂಪ್ಯೂಟರಿಗೆ ಹತ್ತಿಸುತ್ತಿದ್ದೇನೆ.
ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿದವಳು.
ರಿಟೈರಾದ ವಾರಕ್ಕೇ ಸಭೆಯ ಹಿರಿಯರು ಬೀರುವಿನ ಬೀಗದ ಕೈ ಕೊಟ್ಟು
'ಪ್ರಿಸ್ಕಿಲ್ಲಮ್ಮಾ, ಇದು ನಿಮ್ಮಿಂದಲೇ ಆಗಬೇಕು' ಎಂದರು.

ದೊಮ್ಮಲೂರು ಆಗ ಹಳ್ಳಿ. ಕೆರೆ, ರಾಗಿ ಹೊಲ,
ಹೊಲದ ಕೊನೆಗೆ ಹೆಂಚಿನ ಈ ಚರ್ಚು;
ಪೆನ್ಷನ್ ಸಾರ್ಜೆಂಟರದು ಏಳು ಮನೆ, ನಮ್ಮವರದು ಇಪ್ಪತ್ತು.
ನಿಯಮವೆಲ್ಲ ಹಡಗಿನಲ್ಲಿ ಬಂದದ್ದು,
ಯಾವುದೋ ಹಿಮ ಬೀಳುವ ಊರಿನ ಪಾದ್ರಿಯ ಕೈಪಿಡಿ.
ಕ್ರಿಸ್‌ಮಸ್ಸಿಗೆ ಬಡ ವಿಧವೆಯರಿಗೆ ಕಲ್ಲಿದ್ದಲು ಹಂಚತಕ್ಕದ್ದು.
ಹಂಚಿದ್ದಾರೆ ಕೂಡ:
'ಕಲ್ಲಿದ್ದಲು, ಅಂದರೆ ಸರ್ವೆ ಸೌದೆ, ಆರು ಹೊರೆ.'
ಸುಗ್ಗಿಯ ಆರಾಧನೆಗೆ ಗೋಧಿ ತೆನೆ ಇರಬೇಕು;
ಅವರೆಕಾಯಿ ಬಂತು, ಬಲಿಪೀಠವೆಲ್ಲ ಸೊಗಡು.
ಅದಕ್ಕೂ ಟಿಮ್ಮಿನ್ಸ್ ದೊರೆಗಳ ಷರಾ ಉಂಟು:
'ವಾಸನೆ. ಸಹಿಸಬಹುದು.'

ಮುಂದಿನ ಬೆಂಚಿಗೆ ವರ್ಷಕ್ಕೆ ನಾಲ್ಕು ರೂಪಾಯಿ ಬಾಡಿಗೆ.
ಹಿಂದಿನ ಚಾಪೆಗೆ ಏನೂ ಇಲ್ಲ.
ದೀಪಕ್ಕೆ ಹೊಂಗೆ ಎಣ್ಣೆ, ಗಂಟೆಗೆ ಹಗ್ಗ,
ಹಗ್ಗ ಕಡಿದ ಇಲಿಗೆ ಪಾಷಾಣ,
ಆಮೇಲೆ ತಿಂಗಳು ತಿಂಗಳೂ ಅದೇ ಸಾಲು:
ಗಂಟೆಯವನಿಗೆ, ಎರಡು ರೂಪಾಯಿ. ಗುಂಡಿ ತೋಡಿದರೆ ಬೇರೆ.
ಹನ್ನೆರಡು ವರ್ಷದ ಲೆಕ್ಕದಲ್ಲಿ ಅವನಿಗೊಂದು ಹೆಸರಿಲ್ಲ.

ಸತ್ತವರಿಗೆ ಗಂಟೆ ಹೊಡೆಯುವ ಕ್ರಮವೂ ಕೈಪಿಡಿಯದೇ.
ಗಂಡಸಿಗೆ ಒಂಬತ್ತು, ಹೆಂಗಸಿಗೆ ಆರು, ಮಗುವಿಗೆ ಮೂರು.
ಒಂದಿಷ್ಟು ತಡೆದು, ವಯಸ್ಸಿನಷ್ಟು.
ರಾಗಿಯಲ್ಲಿ ಕಳೆ ಕೀಳುತ್ತಿದ್ದವರು ಬಗ್ಗಿದಲ್ಲೇ ಎಣಿಸಿ
ಯಾರ ಮನೆ ಎಂದು ಹೇಳಿಬಿಡುತ್ತಿದ್ದರಂತೆ.

ತೊಂಬತ್ತೆಂಟರಲ್ಲಿ ಪ್ಲೇಗು.
ಗಂಟೆ ಕೇಳಿದರೆ ಜನ ಗಾಬರಿಯಾಗುತ್ತಾರೆಂದು
ದಂಡಿನಿಂದ ಹುಕುಂ: ಬಾರಿಸಕೂಡದು.
ದೊರೆಗಳು ಹವಾ ಬದಲಾವಣೆಗೆ ನಂದಿಬೆಟ್ಟ ಹತ್ತಿದರು.
ಗೋರಿ ಪುಸ್ತಕದ ಓರೆ ಇಂಗ್ಲಿಷು ಅಲ್ಲಿಗೆ ನಿಂತಿತು.
ಪುಟ ತಿರುವಿದರೆ ಕನ್ನಡ.
ಒತ್ತಕ್ಷರ ಜಾರಿದ ಕೂಲಿಮಠದ ಕನ್ನಡ,
ಮರಳಲ್ಲಿ ತಿದ್ದಿದ ಬೆರಳು ಮೊದಲ ಸಲ ನಿಬ್ಬು ಹಿಡಿದಂತೆ.
ಹೆಸರು. ದಿನ. 'ಮಣ್ಣು ಕೊಟ್ಟವರು' ಎಂಬ ಕಡೆ, ಹದಿನೇಳು ಸಲ:
ಕದಿರಪ್ಪನ ಮಗ ಯೋಬ.

ಅಂಚಿನಲ್ಲಿ ಚುಕ್ಕೆಗಳು. ಮಸಿ ಸಿಡಿದದ್ದು ಎಂದುಕೊಂಡೆ,
ಹುಳದ ಕೆಲಸವೋ ಎಂದು ಭೂತಗನ್ನಡಿ ಇಟ್ಟೆ.
ತಾಳೆ ನೋಡುವ ಚಟ; ಎಣಿಸಿದೆ.
ಒಂಬತ್ತು. ತೆರಪು. ಐವತ್ತೆರಡು.
ಆರು. ತೆರಪು. ಹತ್ತೊಂಬತ್ತು.
ಯಾರಿಗೂ ಒಂದು ಹೊಡೆತ ಕಮ್ಮಿಯಿಲ್ಲ,
ಬೆಂಚಿನವರಿಗೂ ಚಾಪೆಯವರಿಗೂ.

ಹದಿನೇಳನೆಯದು
ಮೂರು. ತೆರಪು. ನಾಲ್ಕು.
ಹೆಸರು ರೂತಳು.
ತಂದೆ ಎಂಬ ಕಡೆ ಬರೀ ಒಂದು ಗೀಟು.
ಗೀಟು ಎಳೆದುಕೊಂಡು ಹೋಗಿ
ಮಣ್ಣು ಕೊಟ್ಟವರ ಹೆಸರಿಗೆ ಮುಟ್ಟಿದೆ.

ಹನ್ನೆರಡನೆಯ ದಿನ ದೊರೆಗಳು ಇಳಿದು ಬಂದರು.
ಪುಟದ ಬುಡದಲ್ಲಿ ಕೆಂಪು ಮಸಿ: 'ಕ್ರಮಬದ್ಧವಲ್ಲ.'
ಆ ತಿಂಗಳ ಖರ್ಚು: ಗಂಟೆಯವನಿಗೆ,
ಬಾರಿಸದ ಹನ್ನೊಂದು ದಿನ ಕಳೆದು,
ಒಂದು ರೂಪಾಯಿ ನಾಲ್ಕಾಣೆ ಮೂರು ಪೈ.
ತಾಳೆ ನೋಡಿದೆ. ಲೆಕ್ಕ ಸರಿಯಾಗಿಯೇ ಇದೆ.

ಕಂಪ್ಯೂಟರಿನಲ್ಲಿ ಚುಕ್ಕೆಗೆ ಕಲಂ ಇಲ್ಲ.
ಫುಲ್‌ಸ್ಟಾಪಿನ ಕೀಲಿಯನ್ನೇ ಒಂದೊಂದಾಗಿ ಒತ್ತುತ್ತೇನೆ.
ಐವತ್ತೆರಡಕ್ಕೆ ಬೆರಳು ನೋಯುತ್ತದೆ.