ಚಕ್ಕುಬಂದಿ

ಮಾನ್ವಿ ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿಗೆ
ಬೇವಿನ ನೆರಳು ಸರಿದಂಗೆಲ್ಲ
ನನ್ನ ಟೇಬಲ್ಲೂ ಸರೀತದ.
ಮೂವತ್ತೊಂದು ವರ್ಷ ಆತು,
ಇದೇ ಕೈಲೆ ಊರೆಲ್ಲ ಮಾರೀನಿ, ಊರೆಲ್ಲ ಕೊಂಡೀನಿ,
ನನಗಂತ ಒಂದು ಗುಂಟೆ ಇಲ್ಲ.

ಸೋಮವಾರ ಯಂಕೋಬ ಬಂದ.
ಹಿಂದ ಅವನ ಆಯಿ ಹುಸೇನಮ್ಮ,
ಸೆರಗಿನ ತುಂಬ ಬಿಸಿಲು ಹೊತ್ಕೊಂಡು.
"ಕಾಕಾ, ಒಂದು ಹಿಸ್ಸಾ ಪತ್ರ ಆಗಬೇಕಾಗಿತ್ತು."
ಹೊಲವೋ, ಪ್ಲಾಟೋ?
"ಹನ್ನೊಂದು ಸೆಕೆಂಡು."

ಫೋನು ತೋರಿಸಿದ.
ಅದರಾಗ ಇದೇ ಮುದುಕಿ, ಮೇ ತಿಂಗಳ ಮಟಮಟ ಮಧ್ಯಾಹ್ನ
ಅಂಗಳದಾಗ ನಿಂತು ಸೂರ್ಯನ್ನ ಬೈತಾಳ:
"ಏ, ನಿನಗ ಮನಿ ಮಠ ಇಲ್ಲೇನು?
ನಮ್ಮ ತಲಿ ಮ್ಯಾಲೇ ಬಿದ್ದು ಸಾಯ್ತಿಯಲ್ಲೋ, ಹೋಗಲೇ!"
ನಾನೂ ನೋಡೀನಿ. ಯಾರು ನೋಡಿಲ್ಲ?
ನಾಯಿ ಬಾಯಾಗ ಅಕಿ ದನಿ, ಕೂಸಿನ ಬಾಯಾಗ ಅಕಿ ದನಿ,
ಕರೆಂಟು ಹೋದ್ರ ವಾಟ್ಸಾಪಿನಾಗ ಅಕಿ ಸ್ಟಿಕ್ಕರು,
ಲಗ್ನದ ಡಿಜೆ ನಡುವ "ಹೋಗಲೇ" ಅಂತ ಬಂದ್ರ
ಹುಡುಗರು ಅಂಗಿ ಕಳದು ಕುಣಿತಾವು.
ಹುಸೇನಮ್ಮ ಅಂದ್ರ ಯಾರಂತ ಒಬ್ಬಗೂ ಗೊತ್ತಿಲ್ಲ.

ಅದನ್ನ ಇವ ಯಾವುದೋ ಚೈನಿಗೆ ಹಚ್ಚ್ಯಾನಂತ,
ಬ್ಲಾಕ್‌ಚೈನು.
ಹೆಸರು ಹೇಳದ ಊರಿನ ಯಾವನೋ ಕೊಂಡಾನಂತ.
ಬಂದ ರೊಕ್ಕದಾಗ ಅರ್ಧ ಆಯಿಗೆ ಅಂತ
ಇವಗ ಕಾಗದದ ಮ್ಯಾಲ ಆಗಬೇಕು.

ಕನ್ನಡಕ ಒರೆಸಿ ಶುರು ಮಾಡಿದೆ. ಸರ್ವೆ ನಂಬರು?
ಸೊನ್ನೆ, ಎಕ್ಸ್, ಏಳು, ಎಫ್ ಅಂತ ಓದಿಕೋತ ಹೋದ,
ನಲವತ್ತಕ್ಕೂ ಮ್ಯಾಲ ಅಕ್ಷರ, ಬರೆಯೋದ್ರಾಗ ಚಹಾ ಆರಿತು.
ಮೂಡಲಕ್ಕ ಯಾರ ಆಸ್ತಿ ಬರ್ತದ?
"ಮೂಡಲು ಇಲ್ಲ ಕಾಕಾ."
ಪಡುವಲಕ್ಕ?
ನಕ್ಕ.
ಹಾದಿ, ಹಳ್ಳ, ಯಾರದರ ಬದುವು, ಒಂದು ಬನ್ನಿ ಗಿಡ,
ಏನರ ಒಂದು ಇರಬೇಕಲ್ಲಪಾ
ಇಲ್ಲಿಗೆ ನಿಂದು ಮುಗೀತು ಅನ್ನಾಕ.

ಆ ದಫ್ತರ ಯಾರ ಕಪಾಟಿನಾಗದ?
"ಯಾರದೂ ಅಲ್ಲ. ಸಾವಿರ ಮಂದಿ ಹತ್ರ ಅದೇ ಪುಟ.
ಒಬ್ಬ ಒಂದು ಅಕ್ಷರ ಕೆರೆದ್ರ ಉಳಿದವ್ರು ಒಪ್ಪಂಗಿಲ್ಲ."

ನಮ್ಮಪ್ಪ ಇದೇ ಕಚೇರ್ಯಾಗ ಕಾರಕೂನ.
ಎರಡು ಚೀಲ ಜ್ವಾಳಕ್ಕ ಒಂದು ಹೆಸರು
ಬ್ಲೇಡಿಲೆ ಕೆರೆದಿದ್ದ.
ಆ ಜ್ವಾಳದ ರೊಟ್ಟಿ ತಿಂದು ನಾನು ಅಕ್ಷರ ಕಲಿತೆ.
ಅಂಥದೇ ಬ್ಲೇಡು ಹಿಡಿದು ಒಂದು ಸಂಜಿ
ನಾನೇ ತಪ್ಪು ಬರೆದಿದ್ದ ಒಬ್ಬ ವಿಧವಿ ಹೆಸರು
ಕೆರೆದು ಸರಿ ಮಾಡೀನಿ;
ಇಲ್ಲಂದ್ರ ಅಕಿ ಎರಿ ಹೊಲ ಮೈದುನನ ಪಾಲು.
ತಪ್ಪು ಬಿದ್ರ? ಅಂದೆ.
"ತಪ್ಪೂ ಹಂಗೇ ಇರ್ತದ. ಕೆಳಗ ಇನ್ನೊಂದು ಬರೀಬೇಕು."
ಅಪ್ಪನ ಬ್ಲೇಡಿಗೆ ಅಲ್ಲಿ ಕೆಲಸ ಇಲ್ಲ.
ನಂದಕ್ಕೂ ಇಲ್ಲ.

ಅಷ್ಟೊತ್ತು ಸುಮ್ಮಿದ್ದ ಹುಸೇನಮ್ಮ ಕೇಳಿದ್ಲು:
"ನನ್ನ ಬೈಗುಳ ಮಾರ್ಯಾನಂತಲ್ಲ,
ಇನ್ನ ಬಿಸಿಲಿಗೆ ಬೈಬೇಕಂದ್ರ
ನಾ ಯಾರ ಅಪ್ಪಣಿ ತಗೋಬೇಕು?"
ಬೈಗುಳ ನಿಂದೇ ಆಯಿ, ಅಂದ ಯಂಕೋಬ,
ಅವಗ ಕೊಟ್ಟಿದ್ದು 'ಇದು ನಂದು' ಅನ್ನೋ ಮಾತಷ್ಟೇ.
"ನಮ್ಮ ಮಾವನ ಹೊಲಕ್ಕೂ ಆ ಮಾತಷ್ಟೇ ಇತ್ತು," ಅಂದ್ಲು.
"ಕಾಲುವಿ ಬಂತು, ಹೋತು."

ಹಳೇ ಛಾಪಾ ಕಾಗದ ಒಂದು ಉಳಿದಿತ್ತು, ತಗದೆ. ಬರದೆ:
ಮೂಡಲಕ್ಕ ಹುಸೇನಮ್ಮನ ಬಾಯಿ,
ಪಡುವಲಕ್ಕ ಯಂಕೋಬನ ಕೈ,
ತೆಂಕಲಕ್ಕ ಮಂದಿಯ ನಗು, ಅಳತಿ ಆಗಿಲ್ಲ,
ಬಡಗಲಕ್ಕ
ಅಂತ ಬರದು ಪೆನ್ನು ನಿಂತಿತು.

ಹೆಬ್ಬಟ್ಟು ಒತ್ತಿಸಿದೆ. ಮೆಣಸಿನಕಾಯಿ ಬಿಡಿಸಿ ಬಿಡಿಸಿ
ಗೆರಿ ಸವದದ್ದು, ರೇಷನ್ ಮಷೀನೂ ಒಪ್ಪದ್ದು,
ಕಾಗದದ ಮ್ಯಾಲ ಬರೇ ಒಂದು ನೀಲಿ ಕೆರಿ.

ನೆರಳು ಟೇಬಲ್ ಬಿಟ್ಟು ಹೋಗಿತ್ತು.
ಹುಸೇನಮ್ಮ ಎದ್ದು, ಹಣಿಗೆ ಕೈ ಅಡ್ಡ ಹಿಡಿದು,
ಮ್ಯಾಲ ನೋಡಿ ಒಂದು ಹೊಸಾದು ಬೈದ್ಲು.
ಯಂಕೋಬನ ಕೈ ಕಿಸೆಗೆ ಹೋತು.
ಅಕಿ ಆ ಕೈ ಗಟ್ಟಿ ಹಿಡಕೊಂಡ್ಲು.

ಏನು ಬೈದ್ಲು ಅಂತ
ನಾನೂ ಬರೆಯಂಗಿಲ್ಲ.